ಸಾಮಾಯಿಕ ಗೋಡೆಯ ತಕರಾರು: ಸರ್ವೇಯರ್ ಒಬ್ಬರೇ ಸಾಕೇ, ಇಬ್ಬರು ಬೇಕೇ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದರು. ಲಂಡನ್ನಿನಲ್ಲಿ ಮನೆ ಕೊಂಡಿರುವ ನಮ್ಮ ಮಕ್ಕಳು ಈ ಗಾದೆಗೆ ಇನ್ನೊಂದು ಮಾತನ್ನು ಸೇರಿಸಿಕೊಳ್ಳಬೇಕಾಗಿದೆ: ‘ಗೋಡೆ ಹಂಚಿಕೊಂಡು ನೋಡು’.

ಕಳೆದ ವರ್ಷದ ಮಾತು. ಡೊಂಬಿವಲಿಯಲ್ಲಿರುವ ನಮ್ಮ ಅಕ್ಕನ ಮಗ ಪಶ್ಚಿಮ ಲಂಡನ್ನಿನಲ್ಲಿ ಸಾಲುಮನೆಯೊಂದನ್ನು ಕೊಂಡು ಸಂಸಾರ ಹೂಡಿದ್ದಾನೆ. ಒಂದು ರವಿವಾರ ಮಧ್ಯಾಹ್ನ ನಾವು ಊಟ ಮುಗಿಸಿ ಕುಳಿತಿದ್ದಾಗ ಅವನ ಫೋನ್ ಬಂತು. ಎಡಗಡೆಯ ಮನೆಯವರು ಮಾಳಿಗೆಯನ್ನು ಕೋಣೆಯಾಗಿ ಮಾರ್ಪಡಿಸಲು, ಹಿತ್ತಲಿಗೆ ಅಡುಗೆಮನೆಯನ್ನು ವಿಸ್ತರಿಸಲು ಹೊರಟಿದ್ದರು. ಅದಕ್ಕಾಗಿ ಎರಡೂ ಮನೆಗಳ ನಡುವಿನ ಗೋಡೆಯಲ್ಲಿ ಉಕ್ಕಿನ ತೊಲೆಗಳನ್ನು ಕೂರಿಸಬೇಕು, ನಮ್ಮ ಹುಡುಗನ ಮನೆಯ ಪಾಯಕ್ಕಿಂತ ಆಳವಾಗಿ ನೆಲ ಅಗೆಯಬೇಕು. ಆ ಕುರಿತ ನೋಟೀಸು ಅವನ ಕೈಸೇರಿತ್ತು. ಜೊತೆಗೊಂದು ಹಾಳೆ, ಅದರಲ್ಲಿ ಗುರುತು ಹಾಕಲು ಮೂರು ಚೌಕಗಳು. ನನಗೆ ಒಪ್ಪಿಗೆಯಿದೆ, ಒಪ್ಪಿಗೆಯಿಲ್ಲ, ಆದರೆ ನೀವು ಹೆಸರಿಸಿದ ಸರ್ವೇಯರರೇ ಇಬ್ಬರಿಗೂ ಆಗಲಿ, ಒಪ್ಪಿಗೆಯಿಲ್ಲ, ನನ್ನ ಸರ್ವೇಯರನ್ನು ನಾನೇ ನೇಮಿಸುತ್ತೇನೆ.

“ಮಾಮಾ, ನಡುವಿನ ಚೌಕಕ್ಕ ಗುರುತು ಹಾಕಿ ಸಹಿ ಮಾಡಿಬಿಡ್ಲೇನು? ಆಜೂಬಾಜೂದವರ ಜೋಡಿ ಯಾಕ ಕಿರಿಕಿರಿ?” ಎಂದು ಕೇಳಿದ.

ಅವನ ಸಂಕೋಚಕ್ಕೆ ಕಾರಣವಿತ್ತು. ಹಿಂದಿನ ವರ್ಷ ಬಾಣಂತನಕ್ಕೆಂದು ಹೋಗಿದ್ದ ಅಕ್ಕನಿಗೆ ರಾತ್ರಿ ಹೊತ್ತಿನಲ್ಲಿ ಎದೆನೋವು ಕಾಣಿಸಿಕೊಂಡಾಗ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಒಯ್ದವರು ಆ ಎಡಮನೆಯ ದಂಪತಿಗಳೇ. ಅಂಥವರ ಮುಂದೆ ‘ಒಪ್ಪಿಗೆಯಿಲ್ಲ’ ಎಂಬ ಕಾಗದ ಹಿಡಿಯುವುದೆಂತು? ಆದರೆ ಆ ಮನೆಯ ಮೇಲೆ ಇಪ್ಪತ್ತೈದು ವರ್ಷಗಳ ಸಾಲವಿದೆ. ಗೋಡೆ ಬಿರುಕು ಬಿಟ್ಟರೆ ಸಾಲದ ಕಂತು ನಿಲ್ಲುವುದಿಲ್ಲ. “ತಡಿಯಪಾ, ಮೊದಲ ಪೂರ್ತಿ ಓದೋಣು” ಎಂದೆವು. ನಾವು ಕಾನೂನು ಓದಿದವರಲ್ಲ. ಕಲಾ ಪದವೀಧರರು, ಹೊಟ್ಟೆಪಾಡಿಗೆ ಬ್ಯಾಂಕಿನವರು. ಆದರೂ ಆ ಕಾಯಿದೆಯನ್ನೂ ಅಲ್ಲಿಯ ಸರಕಾರ ಜನಸಾಮಾನ್ಯರಿಗಾಗಿ ಪ್ರಕಟಿಸಿರುವ ವಿವರಣ ಪುಸ್ತಿಕೆಯನ್ನೂ ತರಿಸಿಕೊಂಡು ಎರಡು ಸಂಜೆ ಓದಿದೆವು. ಮಕ್ಕಳು ಇಂಗ್ಲೆಂಡಿನಲ್ಲಿ ನೆಲೆಸಿರುವ ಕುಟುಂಬಗಳು ನಮ್ಮ ಬಳಗದಲ್ಲಿ ಕಡಿಮೆಯೇನಿಲ್ಲ. ತಿಳಿದದ್ದನ್ನು ಅವರೆಲ್ಲರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಗೋಡೆ ಒಂದು, ಮಾಲೀಕರು ಇಬ್ಬರು

ಧಾರವಾಡದ ಹಳೆಯ ಓಣಿಗಳಲ್ಲಿ ಬೆಳೆದವರಿಗೆ ಸಾಮಾಯಿಕ ಗೋಡೆ ಹೊಸದಲ್ಲ. ನಮ್ಮ ತಂದೆಯವರ ಕಾಲದ ಖರೀದಿ ಪತ್ರದಲ್ಲಿ ಚಕ್ಕುಬಂದಿಯ ವಿವರ ಬರೆಯುವಲ್ಲಿ ‘ಪೂರ್ವಕ್ಕೆ ಸಾಮಾಯಿಕ ಗೋಡೆ’ ಎಂಬ ಮಾತು ಇದ್ದುದು ನೆನಪಿದೆ. ಒಂದೇ ಗೋಡೆಯ ಈ ಮಗ್ಗುಲಿಗೆ ನಮ್ಮ ದೇವರ ಗೂಡು, ಆ ಮಗ್ಗುಲಿಗೆ ನೆರೆಯವರ ಪಾತ್ರೆಯ ಹಲಗೆ. ಮುಂಬಯಿಯ ಫ್ಲಾಟುಗಳಿಗೆ ಬಂದ ಮೇಲೆ ಗೋಡೆಯ ಪ್ರಶ್ನೆ ಎದ್ದಾಗಲೆಲ್ಲ ಸೊಸೈಟಿಯ ಕಾರ್ಯದರ್ಶಿಯ ಮುಖ ನೋಡುವುದು ನಮಗೆ ರೂಢಿಯಾಯಿತು. ಇಂಗ್ಲೆಂಡಿನ ಸಾಲುಮನೆಗಳಲ್ಲಿ ಅಂಥ ಕಾರ್ಯದರ್ಶಿ ಇಲ್ಲ. ಅಲ್ಲಿಯವರು ‘ಪಾರ್ಟಿ ವಾಲ್’ ಎಂದು ಕರೆಯುವ ಈ ಗೋಡೆಯನ್ನು ಕಾಯಲು ಕಾಯಿದೆಯೇ ಇದೆ.

ಅದರ ಬೇರು ಬಹಳ ಹಳೆಯದು. 1189ರದೆಂದು ಹೇಳಲಾಗುವ ಲಂಡನ್ ನಗರದ ಕಟ್ಟಡ ನಿಯಮಗಳಲ್ಲಿಯೇ ನೆರೆಹೊರೆಯವರು ತಮ್ಮ ತಮ್ಮ ನೆಲದಿಂದ ತಲಾ ಒಂದೂವರೆ ಅಡಿ ಬಿಟ್ಟುಕೊಟ್ಟು, ಮೂರು ಅಡಿ ದಪ್ಪದ ಕಲ್ಲುಗೋಡೆಯನ್ನು ಜಂಟಿಯಾಗಿ ಕಟ್ಟಬೇಕೆಂಬ ಕ್ರಮವಿತ್ತು. ಬೆಂಕಿ ಮನೆಯಿಂದ ಮನೆಗೆ ಹಬ್ಬದಿರಲೆಂಬುದೇ ಅದರ ಆಶಯ. 1666ರ ಮಹಾ ಅಗ್ನಿದುರಂತದಲ್ಲಿ ಮರದ ಮನೆಗಳ ಲಂಡನ್ ಬೂದಿಯಾದ ಮೇಲೆ 1667ರ ಪುನರ್ನಿರ್ಮಾಣ ಕಾಯಿದೆ ಇಟ್ಟಿಗೆಯ ಇಲ್ಲವೇ ಕಲ್ಲಿನ ಗೋಡೆಗಳನ್ನು ಕಡ್ಡಾಯಗೊಳಿಸಿತು. ಆಗ ನಗರವು ನೇಮಿಸಿದ ಸರ್ವೇಯರರಲ್ಲಿ ವಿಜ್ಞಾನಿ ರಾಬರ್ಟ್ ಹುಕ್ ಒಬ್ಬ. ಶಾಲೆಯಲ್ಲಿ ನಾವು ಸ್ಪ್ರಿಂಗಿನ ನಿಯಮದ ಮೂಲಕ ಅರಿತ ಈ ಮಹಾಶಯ ಬೀದಿಗಿಳಿದು ನೆರೆಹೊರೆಯವರ ಗೋಡೆಯ ಜಗಳಗಳನ್ನೂ ಬಗೆಹರಿಸಿದ್ದಾನೆ.

ಇಂಥ ನಿಯಮಗಳು ಬಹುಕಾಲ ಲಂಡನ್ನಿಗೇ ಹೆಚ್ಚಾಗಿ ಸೀಮಿತವಾಗಿದ್ದವು. ಅವುಗಳಲ್ಲಿ ಕೊನೆಯದು 1939ರ ಲಂಡನ್ ಕಟ್ಟಡ ಕಾಯಿದೆ. ಸ್ವತಃ ಸರ್ವೇಯರರಾಗಿದ್ದ ಲಿಟ್ಟನ್ ಅರ್ಲ್ ಅವರು ಸಂಸತ್ತಿನಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಫಲವಾಗಿ 1996ರ ಪಾರ್ಟಿ ವಾಲ್ ಕಾಯಿದೆ ಬಂದಿತು. 1997ರ ಜುಲೈ 1ರಿಂದ ಇಡೀ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಜಾರಿಯಾಯಿತು. ಸ್ಕಾಟ್ಲೆಂಡಿಗೂ ಉತ್ತರ ಐರ್ಲೆಂಡಿಗೂ ಇದು ಅನ್ವಯಿಸುವುದಿಲ್ಲ. ಎಡಿನ್‌ಬರೋದಲ್ಲಿ ಮಕ್ಕಳಿರುವವರು ಈ ಮಾತನ್ನು ಗಮನಿಸಬೇಕು.

ನೋಟೀಸು, ಮೌನ ಮತ್ತು ‘ವಿವಾದ’

ಸಾಮಾಯಿಕ ಗೋಡೆಯನ್ನು ಕತ್ತರಿಸುವುದು, ಎತ್ತರಿಸುವುದು, ಅದರಲ್ಲಿ ತೊಲೆ ಕೂರಿಸುವುದು ಮುಂತಾದ ಕೆಲಸಗಳಿಗೆ ಕಟ್ಟುವವರು ಕನಿಷ್ಠ ಎರಡು ತಿಂಗಳು ಮೊದಲು ನೆರೆಯವರಿಗೆ ಲಿಖಿತ ನೋಟೀಸು ಕೊಡಬೇಕು. ನೆರೆಯ ಕಟ್ಟಡದಿಂದ ಮೂರು ಮೀಟರಿನೊಳಗೆ ಅದರ ಪಾಯಕ್ಕಿಂತ ಆಳವಾಗಿ ಅಗೆಯುವುದಿದ್ದರೆ ಒಂದು ತಿಂಗಳ ನೋಟೀಸು ಬೇಕು. ಆರು ಮೀಟರಿನೊಳಗಿನ ಅಗೆತವೂ ಬಹಳ ಆಳವಾಗಿದ್ದರೆ, ಎಂದರೆ ನೆರೆಯ ಪಾಯದ ತಳದಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಎಳೆದ ಗೆರೆಯನ್ನು ಮುಟ್ಟುವಂತಿದ್ದರೆ, ಅದಕ್ಕೂ ಇದೇ ನಿಯಮ. ನೋಟೀಸು ಮನೆಯೊಡೆಯನಿಗಷ್ಟೇ ಅಲ್ಲ, ದೀರ್ಘಾವಧಿ ಗುತ್ತಿಗೆಯ ಮೇಲೆ ಫ್ಲಾಟು ಕೊಂಡವರಿಗೂ ಸಲ್ಲಬೇಕು. ತಿಂಗಳಿಂದ ತಿಂಗಳಿಗೆ ಬಾಡಿಗೆ ಕೊಟ್ಟು ಇರುವವರಿಗೆ ಸಲ್ಲುವುದಿಲ್ಲ.

ನೋಟೀಸು ತಲಪಿದ ದಿನವೂ ಸೇರಿ ಹದಿನಾಲ್ಕು ದಿನಗಳೊಳಗೆ ಲಿಖಿತವಾಗಿ ಒಪ್ಪಿಗೆ ಕೊಡಬಹುದು. ಒಪ್ಪಿಗೆ ಬಾರದಿದ್ದರೆ, ಇಂಥ ಗೋಡೆಯ ಮತ್ತು ಪಾಯದ ಕೆಲಸಗಳಲ್ಲಿ, ‘ವಿವಾದ ಉಂಟಾಗಿದೆ’ ಎಂದು ಕಾಯಿದೆಯೇ ಭಾವಿಸಿಕೊಳ್ಳುತ್ತದೆ. ಈ ‘ವಿವಾದ’ ಎಂಬ ಪದವೇ ನಮ್ಮವರನ್ನು ಬೆದರಿಸುವುದು. ವಾಸ್ತವದಲ್ಲಿ ಇಲ್ಲಿ ಜಗಳವಿಲ್ಲ, ಕೋರ್ಟಿಲ್ಲ. ಬ್ಯಾಂಕಿನಲ್ಲಿ ಚೆಕ್ಕಿನ ಸಹಿ ಹೊಂದದಿದ್ದರೆ ಕಾಗದ ಮೇಲಧಿಕಾರಿಯ ಮೇಜಿಗೆ ಹೋಗುವಂತೆ, ಒಪ್ಪಿಗೆಯಿಲ್ಲದ ಕೆಲಸ ಸರ್ವೇಯರರ ಮೇಜಿಗೆ ಹೋಗುತ್ತದೆ, ಅಷ್ಟೇ. ‘ಒಪ್ಪಿಗೆಯಿಲ್ಲ’ ಎಂದರೆ ‘ನೀವು ಕಟ್ಟಕೂಡದು’ ಎಂದಲ್ಲ. ‘ಹೇಗೆ ಕಟ್ಟಬೇಕೆಂಬುದನ್ನು ತಿಳಿದವರು ಬರೆದುಕೊಡಲಿ’ ಎಂದು.

ಒಪ್ಪಿಗೆ ಕೊಟ್ಟರೆ ಎಲ್ಲ ಹಕ್ಕುಗಳೂ ಹೋದವೆಂಬ ಭಯವೂ ಬೇಡ. ಮುಂದೆ ಹಾನಿಯಾಗಿ ಭಿನ್ನಾಭಿಪ್ರಾಯ ಬಂದರೆ ಆಗಲೂ ಸರ್ವೇಯರರನ್ನು ನೇಮಿಸಲು ಅವಕಾಶವಿದೆ. ಕೆಲಸ ಚಿಕ್ಕದಾಗಿದ್ದರೆ, ಆರಂಭಕ್ಕೆ ಮೊದಲು ನಮ್ಮ ಮನೆಯ ಗೋಡೆ, ಛಾವಣಿ, ನೆಲಗಳ ಸ್ಥಿತಿಯನ್ನು ಚಿತ್ರಸಹಿತ ದಾಖಲಿಸಿಕೊಡಬೇಕೆಂಬ ಷರತ್ತಿನೊಡನೆ ಒಪ್ಪಿಗೆ ಕೊಡುವ ಕ್ರಮವೂ ಅಲ್ಲಿದೆ. ತೊಲೆ, ಪಾಯ ಎಂಬ ಮಾತು ಬಂದಾಗ ಮಾತ್ರ ಸರ್ವೇಯರ್ ಬೇಕೆನ್ನುವುದೇ ವಿವೇಕ.

ಸರ್ವೇಯರ್ ಎಂದರೆ ಯಾರು?

ನಮ್ಮ ಕಡೆ ಸರ್ವೇಯರ್ ಎಂದೊಡನೆ ಸರಪಳಿ ಹಿಡಿದು ಹೊಲ ಅಳೆಯುವ ಮೋಜಣಿದಾರರು ಕಣ್ಮುಂದೆ ಬರುತ್ತಾರೆ. ಇಲ್ಲಿ ಹೇಳುತ್ತಿರುವವರು ಕಟ್ಟಡದ ಪರಿಣತರು. ಆಶ್ಚರ್ಯದ ಸಂಗತಿಯೆಂದರೆ ಕಾಯಿದೆ ಅವರಿಗೆ ಯಾವ ಪದವಿಯನ್ನೂ ವಿಧಿಸಿಲ್ಲ. 20ನೆಯ ಕಲಮಿನ ಪ್ರಕಾರ, ವಿವಾದದಲ್ಲಿ ಸ್ವತಃ ಪಕ್ಷಗಾರನಲ್ಲದ ಯಾರು ಬೇಕಾದರೂ ಸರ್ವೇಯರ್ ಆಗಬಹುದು. ಆದ್ದರಿಂದ ಪರೀಕ್ಷಿಸಿ ಆರಿಸುವ ಹೊಣೆ ಪೂರ್ತಿಯಾಗಿ ನಮ್ಮದೇ. ರಾಯಲ್ ಇನ್‌ಸ್ಟಿಟ್ಯೂಷನ್ ಆಫ್ ಚಾರ್ಟರ್ಡ್ ಸರ್ವೇಯರ್ಸ್ ಅಲ್ಲದೆ ಗೋಡೆಯ ವಿಷಯಕ್ಕೇ ಮೀಸಲಾದ ಸಂಘಗಳೂ ಇವೆ. ಅವುಗಳಲ್ಲೊಂದರ ಹೆಸರು ಪಿರಮಸ್ ಮತ್ತು ಥಿಸ್ಬಿ ಸೊಸೈಟಿ. ಗೋಡೆಯ ಬಿರುಕಿನ ಮೂಲಕ ಪಿಸುಗುಟ್ಟಿದ ಪುರಾಣದ ಪ್ರೇಮಿಗಳು ಇವರು. ಷೇಕ್ಸ್‌ಪಿಯರ್ ಮಹಾಶಯನ ನಾಟಕವೊಂದರಲ್ಲಿ ಇವರ ಕಥೆಯನ್ನು ಆಡಿ ತೋರಿಸುವಾಗ ಒಬ್ಬ ಪಾತ್ರಧಾರಿ ಗೋಡೆಯಾಗಿಯೇ ನಿಲ್ಲುತ್ತಾನೆ. ಗೋಡೆಯ ಪರ ಮಾತನಾಡುವವರಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕದು.

ಗೋಡೆಯ ಪರ ಎಂದೆವು. ಮುಖ್ಯ ಮಾತೇ ಅದು. ಸರ್ವೇಯರ್ ವಕೀಲನಲ್ಲ. ನಾವೇ ನೇಮಿಸಿದರೂ ಅವರು ನಮ್ಮ ಪರ ವಾದಿಸುವವರಲ್ಲ. ಕಾಯಿದೆ ಒಪ್ಪಿಸಿದ ಕರ್ತವ್ಯವನ್ನು ನಿಷ್ಪಕ್ಷಪಾತವಾಗಿ ನಡೆಸತಕ್ಕವರು. ಗೃಹಸಾಲ ಕೊಡುವಾಗ ಬ್ಯಾಂಕು ಮೌಲ್ಯಮಾಪಕರನ್ನು ಕಳಿಸುತ್ತದೆ. ಅವರ ಶುಲ್ಕವನ್ನು ಸಾಲಗಾರ ತೆತ್ತರೂ ವರದಿ ಸಾಲಗಾರನ ಮರ್ಜಿಗೆ ಬಗ್ಗುವುದಿಲ್ಲ. ಇದೂ ಹಾಗೆಯೇ.

ಎರಡನೆಯ ಮುಖ್ಯ ಮಾತು: ಈ ನೇಮಕವನ್ನು ಹಿಂದೆಗೆದುಕೊಳ್ಳುವಂತಿಲ್ಲ. ಬ್ಯಾಂಕಿಗೆ ಕೊಟ್ಟ ಮುಖ್ತ್ಯಾರ್ ಪತ್ರವನ್ನು ಬೇಡವೆನಿಸಿದಾಗ ರದ್ದುಗೊಳಿಸಬಹುದು. 10ನೆಯ ಕಲಮಿನಂತೆ ಸರ್ವೇಯರ ನೇಮಕ ಲಿಖಿತವಾಗಿರಬೇಕು. ಒಮ್ಮೆ ಆದ ಮೇಲೆ ಯಾವ ಪಕ್ಷದವರೂ ಅದನ್ನು ರದ್ದುಮಾಡಲಾಗದು. ಗುರುತು ಹಾಕುವ ಮೊದಲು ಎಷ್ಟು ಯೋಚಿಸಿದರೂ ಹೆಚ್ಚಲ್ಲವೆನ್ನುವುದು ಇದಕ್ಕೇ. ನೇಮಕ ವ್ಯಕ್ತಿಯ ಹೆಸರಿನಲ್ಲಿರಬೇಕು, ಸಂಸ್ಥೆಯ ಹೆಸರಿನಲ್ಲಲ್ಲ. ಮನೆ ದಂಪತಿಗಳ ಜಂಟಿ ಹೆಸರಿನಲ್ಲಿದ್ದರೆ ಇಬ್ಬರೂ ಸಹಿ ಮಾಡಬೇಕು.

ಮೊದಲ ದಾರಿ: ಇಬ್ಬರಿಗೂ ಒಬ್ಬರೇ

ಎರಡೂ ಮನೆಯವರು ಕೂಡಿ ಒಬ್ಬರನ್ನೇ ನೇಮಿಸುವುದು ಮೊದಲ ದಾರಿ. ಇವರನ್ನು ‘ಸಮ್ಮತ ಸರ್ವೇಯರ್’ ಎನ್ನೋಣ. ಅವರು ನಕ್ಷೆಗಳನ್ನು ಪರಿಶೀಲಿಸಿ, ನೆರೆಮನೆಯ ಪೂರ್ವಸ್ಥಿತಿಯನ್ನು ದಾಖಲಿಸಿ, ಏನು ಕೆಲಸ, ಯಾವ ವಿಧಾನ, ಯಾವ ವೇಳೆ, ಯಾವ ರಕ್ಷಣೆ ಎಂಬುದನ್ನೆಲ್ಲ ಬರೆದು ಐತೀರ್ಪು ಕೊಡುತ್ತಾರೆ. ಪತ್ರವ್ಯವಹಾರ ಕಡಿಮೆ, ಖರ್ಚು ಕಡಿಮೆ, ವೇಳೆಯೂ ಉಳಿಯುತ್ತದೆ. ಹಳ್ಳಿಯಲ್ಲಿ ಎರಡೂ ಮನೆಯವರು ನಂಬುವ ಹಿರಿಯರೊಬ್ಬರನ್ನು ಕಟ್ಟೆಗೆ ಕರೆತಂದಂತೆ ಇದು. ನೆರೆಹೊರೆಯ ಸಂಬಂಧ ಚೆನ್ನಾಗಿದ್ದು ಕೆಲಸ ಸಾಮಾನ್ಯವಾದದ್ದಾದರೆ ಇದೇ ಒಳ್ಳೆಯ ದಾರಿ.

ತೊಡಕು ಎಲ್ಲಿದೆಯೆಂದರೆ, ಹೆಸರು ಸೂಚಿಸುವವರು ಹೆಚ್ಚಾಗಿ ಕಟ್ಟುವವರು. ನಮ್ಮ ಅಳಿಯನಿಗೆ ಬಂದ ಹಾಳೆಯಲ್ಲಿ ಸೂಚಿಸಿದ್ದ ಹೆಸರು ಎಡಮನೆಯವರ ನಕ್ಷೆ ಬರೆದವರದೇ. ಕಟ್ಟಡ ಕೆಲಸದ ಮೇಲ್ವಿಚಾರಣೆಯೂ ಅವರದೇ. ಕಾಯಿದೆ ಇದನ್ನು ನಿಷೇಧಿಸಿಲ್ಲ. ಆದರೆ ಕೆಲಸದ ಮೇಲ್ವಿಚಾರಣೆ ಮಾಡುವವರೇ ಸಮ್ಮತ ಸರ್ವೇಯರ್ ಆಗದಿರುವುದು ಒಳ್ಳೆಯದೆಂದು ಸರಕಾರದ ಪುಸ್ತಿಕೆಯೇ ಹೇಳುತ್ತದೆ. ತಾನು ಬರೆದ ನಕ್ಷೆಯ ದೋಷವನ್ನು ತಾನೇ ಹುಡುಕಬೇಕೆಂದರೆ ದೇವರಂಥ ಮನುಷ್ಯನಿಗೂ ಕಷ್ಟ. ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡಿದವರನ್ನೇ ಆ ಸಾಲದ ಲೆಕ್ಕಪರಿಶೋಧನೆಗೆ ಕೂರಿಸುವುದಿಲ್ಲ; ಅವರು ಅಪ್ರಾಮಾಣಿಕರೆಂದಲ್ಲ, ಕ್ರಮ ಹಾಗೆ.

ಇನ್ನೊಂದು ಸೂಕ್ಷ್ಮವಿದೆ. ಸಮ್ಮತ ಸರ್ವೇಯರ್ ಕೆಲಸ ನಿರಾಕರಿಸಿದರೆ, ಲಿಖಿತ ಕೋರಿಕೆಯ ಮೇಲೆಯೂ ಹತ್ತು ದಿನ ಸುಮ್ಮನಿದ್ದರೆ, ತೀರಿಕೊಂಡರೆ ಅಥವಾ ಅಶಕ್ತರಾದರೆ ಇಡೀ ಪ್ರಕ್ರಿಯೆ ಮೊದಲಿನಿಂದ ಆರಂಭವಾಗಬೇಕು. ಅವರ ಮೇಲೆ ಮೂರನೆಯವರೆಂದು ಯಾರೂ ಇರುವುದಿಲ್ಲ. ಅವರ ಐತೀರ್ಪು ಒಪ್ಪಿಗೆಯಾಗದಿದ್ದರೆ ಹದಿನಾಲ್ಕು ದಿನಗಳೊಳಗೆ ಕೌಂಟಿ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸುವುದೊಂದೇ ಉಳಿಯುವ ಮಾರ್ಗ.

ಆದ್ದರಿಂದ ಒಬ್ಬರನ್ನೇ ಒಪ್ಪುವ ಮೊದಲು ಈ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು:

1. ಈ ಕಟ್ಟಡದ ನಕ್ಷೆ, ಗುತ್ತಿಗೆ, ಮೇಲ್ವಿಚಾರಣೆಗಳಲ್ಲಿ ಅವರ ಪಾತ್ರವೇನಾದರೂ ಇದೆಯೇ?
2. ಯಾವ ವೃತ್ತಿಸಂಘದ ಸದಸ್ಯರು? ಇಂಥ ಐತೀರ್ಪುಗಳನ್ನು ಕೊಟ್ಟ ಅನುಭವ ಎಷ್ಟು? ವೃತ್ತಿ ವಿಮೆ ಇದೆಯೇ?
3. ನಮ್ಮ ಮನೆಯೊಳಗೆ ಸ್ವತಃ ಬಂದು ಪೂರ್ವಸ್ಥಿತಿಯನ್ನು ದಾಖಲಿಸುವರೇ, ಅಥವಾ ಹೊರಗಿನಿಂದಲೇ ಚಿತ್ರ ತೆಗೆದು ಮುಗಿಸುವರೇ?
4. ಶುಲ್ಕದ ದರವೇನು? ಅದನ್ನು ಯಾರು ಭರಿಸುವುದೆಂದು ಮೊದಲೇ ತಿಳಿಸುವರೇ?

ಎರಡನೆಯ ದಾರಿ: ಇಬ್ಬರು, ಜೊತೆಗೊಬ್ಬ ಮೂರನೆಯವರು

ಪ್ರತಿಯೊಂದು ಪಕ್ಷದವರೂ ತಮ್ಮ ಸರ್ವೇಯರನ್ನು ನೇಮಿಸುವುದು ಎರಡನೆಯ ದಾರಿ. ಹಾಗೆ ನೇಮಕವಾದ ಇಬ್ಬರೂ ಒಡನೆಯೇ ಮೂರನೆಯ ಸರ್ವೇಯರನ್ನು ಆರಿಸಬೇಕು. ಜಗಳ ಬಂದ ಮೇಲೆ ಆರಿಸುವುದಲ್ಲ, ಮೊದಲ ಕೆಲಸವೇ ಅದು. ಜಗಳ ಬಂದ ಮೇಲೆ ಮಧ್ಯಸ್ಥನ ಹೆಸರಿನ ಮೇಲೆಯೇ ಇನ್ನೊಂದು ಜಗಳವಾಗುತ್ತದೆಂದು ಕಾಯಿದೆ ಮಾಡಿದವರಿಗೆ ತಿಳಿದಿತ್ತು. ನಮ್ಮ ದೇಶದಲ್ಲಿ ಅದೇ 1996ರಲ್ಲಿ ಬಂದ ಮಧ್ಯಸ್ಥಿಕೆ ಕಾಯಿದೆಯಲ್ಲಿಯೂ ಮೂವರು ಮಧ್ಯಸ್ಥಗಾರರಿರುವಲ್ಲಿ, ಬೇರೆ ಕರಾರು ಇಲ್ಲದಿದ್ದರೆ, ಪಕ್ಷಕ್ಕೊಬ್ಬರಂತೆ ನೇಮಕವಾದವರು ಮೂರನೆಯವರನ್ನು ಆರಿಸುವ ಪದ್ಧತಿಯಿದೆ. ವ್ಯತ್ಯಾಸವೆಂದರೆ ನಮ್ಮಲ್ಲಿ ಮೂರನೆಯವರು ಅಧ್ಯಕ್ಷಸ್ಥಾನದಲ್ಲಿ ಕೂರುತ್ತಾರೆ. ಅಲ್ಲಿ ಅವರು ಕರೆದರೆ ಮಾತ್ರ ಬರುತ್ತಾರೆ. ಬಹಳಷ್ಟು ಪ್ರಸಂಗಗಳಲ್ಲಿ ಅವರನ್ನು ಕರೆಯುವ ಅಗತ್ಯವೇ ಬೀಳುವುದಿಲ್ಲ.

ಮೂವರಲ್ಲಿ ಯಾವ ಇಬ್ಬರು ಒಪ್ಪಿದರೂ ಐತೀರ್ಪು ಸಿಂಧು. ಇಬ್ಬರ ನಡುವೆ ಒಂದು ಅಂಶದಲ್ಲಿ ಒಮ್ಮತ ಬಾರದಿದ್ದರೆ ಮೂರನೆಯವರು ಅದನ್ನು ತೀರ್ಮಾನಿಸುತ್ತಾರೆ. ಸರ್ವೇಯರರಷ್ಟೇ ಅಲ್ಲ, ಮನೆಯ ಮಾಲೀಕರೂ ನೇರವಾಗಿ ಅವರ ಮೊರೆ ಹೋಗಬಹುದು. ಒಬ್ಬ ಸರ್ವೇಯರ್ ತೀರಿಕೊಂಡರೆ ಅಥವಾ ಅಶಕ್ತರಾದರೆ ಆ ಸ್ಥಾನಕ್ಕೆ ಇನ್ನೊಬ್ಬರನ್ನು ನೇಮಿಸಿದರಾಯಿತು, ಮೊದಲಿನಿಂದ ಆರಂಭಿಸಬೇಕಿಲ್ಲ. ಒಬ್ಬರು ಕೆಲಸ ಮಾಡಲು ನಿರಾಕರಿಸಿದರೆ, ಅಥವಾ ಕೋರಿಕೆಯ ನಂತರವೂ ಹತ್ತು ದಿನ ಉದಾಸೀನ ಮಾಡಿದರೆ, ಇನ್ನೊಬ್ಬರು ಏಕಪಕ್ಷೀಯವಾಗಿ ಮುಂದುವರಿಯಬಹುದು. ಅಂದರೆ ಈ ದಾರಿ ದುಬಾರಿಯಾದರೂ ನಡುವೆ ಕುಸಿಯುವ ಸಂಭವ ಕಡಿಮೆ.

ಇದನ್ನು ಆರಿಸಬೇಕಾದ ಸಂದರ್ಭಗಳು ಸ್ಪಷ್ಟವಾಗಿವೆ. ನೆಲಮಾಳಿಗೆ ತೋಡುತ್ತಿದ್ದರೆ, ಗೋಡೆಯ ಬುಡಕ್ಕೆ ಹೊಸ ಪಾಯ ಸೇರಿಸುತ್ತಿದ್ದರೆ, ನಮ್ಮ ಮನೆಯಲ್ಲಿ ಈಗಾಗಲೇ ಬಿರುಕುಗಳಿದ್ದರೆ, ಕಟ್ಟುವವರು ಸ್ವತಃ ವಾಸಿಸದೆ ಮಾರಾಟಕ್ಕಾಗಿ ಕಟ್ಟುತ್ತಿದ್ದರೆ, ಅಥವಾ ಅವರು ಸೂಚಿಸಿದ ಹೆಸರಿನಲ್ಲಿ ವಿಶ್ವಾಸವಿಲ್ಲದೆ ಬೇರೆ ಹೆಸರಿಗೂ ಅವರು ಒಪ್ಪದಿದ್ದರೆ, ನಮ್ಮ ಮನೆಯನ್ನು ನೋಡಲು ಇನ್ನೊಂದು ಜೊತೆ ಕಣ್ಣುಗಳು ಬೇಕು. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ಪಾಯ ನಮ್ಮ ನೆಲದೊಳಕ್ಕೆ ಚಾಚುವುದಿದ್ದರೆ ಅದಕ್ಕೆ ನಮ್ಮ ಲಿಖಿತ ಒಪ್ಪಿಗೆ ಪ್ರತ್ಯೇಕವಾಗಿ ಬೇಕು. ಕೆಲಸ ಅರ್ಧಕ್ಕೆ ನಿಂತು ಕಟ್ಟುವವರು ಕೈಯೆತ್ತಿದರೆ ಏನು ಗತಿಯೆಂಬ ಭಯವಿದ್ದಲ್ಲಿ, ಕೆಲಸ ಆರಂಭವಾಗುವ ಮೊದಲು 12ನೆಯ ಕಲಮಿನಡಿ ಭದ್ರತಾ ಠೇವಣಿ ಕೇಳಬಹುದು. ಬ್ಯಾಂಕ್ ಗ್ಯಾರಂಟಿಯ ಬೆಲೆ ಬಲ್ಲ ನಮಗೆ ಈ ಕಲಮು ವಿಶೇಷವಾಗಿ ಮೆಚ್ಚುಗೆಯಾಯಿತು.

ಆಯ್ಕೆ ಮಾಡದಿರುವುದೂ ಒಂದು ಆಯ್ಕೆಯೇ

ನಮ್ಮ ಶಾಖೆಯ ಹಳೆಯ ಗ್ರಾಹಕರೊಬ್ಬರ ಮಗನಿಗೂ ಇಂಥದೇ ನೋಟೀಸು ಬಂದಿತ್ತು. ತಂಗಿಯ ಮದುವೆಗೆಂದು ಊರಿಗೆ ಬರುವ ಗಡಿಬಿಡಿಯಲ್ಲಿ ಅದನ್ನು ಕಪಾಟಿನಲ್ಲಿಟ್ಟು ಮರೆತ. ಹದಿನಾಲ್ಕು ದಿನ ಕಳೆದವು. ‘ಸರ್ವೇಯರನ್ನು ನೇಮಿಸಿ’ ಎಂಬ ಎರಡನೆಯ ಪತ್ರವೂ ಬಾಗಿಲ ಕೆಳಗೆ ಬಿದ್ದಿತ್ತು. ಹತ್ತು ದಿನಗಳೊಳಗೆ ಉತ್ತರ ಹೋಗಲಿಲ್ಲ. ಅವನು ತಿರುಗಿ ಹೋಗುವಷ್ಟರಲ್ಲಿ ಅವನ ಪರವಾಗಿ ಸರ್ವೇಯರನ್ನು ಎದುರು ಪಕ್ಷದವರೇ ನೇಮಿಸಿಯಾಗಿತ್ತು. ಅದರಲ್ಲಿ ಅಕ್ರಮವೇನೂ ಇಲ್ಲ. ಕಾಯಿದೆಯೇ ಕೊಟ್ಟ ಅಧಿಕಾರ ಅದು. ಹಾಗೆ ನೇಮಕವಾದವರೂ ನಿಷ್ಪಕ್ಷಪಾತವಾಗಿಯೇ ನಡೆಯತಕ್ಕವರು. ಆದರೆ ತನ್ನ ಮನೆಯನ್ನು ಯಾರು ನೋಡಬೇಕೆಂದು ತಾನೇ ಆರಿಸುವ ಹಕ್ಕನ್ನು ಅವನು ಮೌನದಿಂದ ಕಳೆದುಕೊಂಡ; ಹಿಂದೆಗೆದುಕೊಳ್ಳುವಂತೆಯೂ ಇರಲಿಲ್ಲ. ‘ಮೌನಂ ಸಮ್ಮತಿ ಲಕ್ಷಣಂ’ ಎನ್ನುವುದು ನಮ್ಮ ರೂಢಿ. ಆ ಕಾಯಿದೆಯಲ್ಲಿ ಮೌನ ಸಮ್ಮತಿಯಲ್ಲ, ಆಯ್ಕೆಯ ತ್ಯಾಗ.

ನೋಟೀಸೇ ಕೊಡದೆ ಗೋಡೆ ಒಡೆಯಲು ತೊಡಗಿದರೆ? ಆಗ ನಾವೇ ಸರ್ವೇಯರನ್ನು ನೇಮಿಸಿ ಐತೀರ್ಪು ಪಡೆಯಬಹುದೆಂದು ಹಲವರು ನಂಬಿದ್ದರು. ನೋಟೀಸು ಇಲ್ಲದಲ್ಲಿ ಈ ಕಾಯಿದೆಯ ಪ್ರಕ್ರಿಯೆಯೇ ಆರಂಭವಾಗುವುದಿಲ್ಲ, ಸರ್ವೇಯರರಿಗೆ ಅಧಿಕಾರವೂ ಬರುವುದಿಲ್ಲ ಎಂದು ಅಲ್ಲಿಯ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ತೀರ್ಪಿತ್ತಿದೆ. ಅಂಥ ಸಂದರ್ಭದಲ್ಲಿ ಹೋಗಬೇಕಾದದ್ದು ವಕೀಲರ ಬಳಿಗೆ. ಪಡೆಯಬೇಕಾದದ್ದು ನ್ಯಾಯಾಲಯದ ತಡೆಯಾಜ್ಞೆ ಇಲ್ಲವೇ ಪರಿಹಾರ.

ಖರ್ಚು ಯಾರದು?

ಶುಲ್ಕವನ್ನು ಯಾರು ಭರಿಸಬೇಕೆಂದು ಐತೀರ್ಪಿನಲ್ಲಿ ಸರ್ವೇಯರರೇ ನಿರ್ಧರಿಸುತ್ತಾರೆ. ಕೆಲಸದ ಲಾಭವೆಲ್ಲ ಕಟ್ಟುವವರಿಗೇ ಸೇರುವಲ್ಲಿ ಇಬ್ಬರು ಸರ್ವೇಯರರ ನ್ಯಾಯವಾದ ಶುಲ್ಕವನ್ನೂ ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಹಳೆಯ ಗೋಡೆ ಶಿಥಿಲವಾಗಿ ಇಬ್ಬರಿಗೂ ಬೇಕಾದ ದುರಸ್ತಿಯಾದರೆ ಕೆಲಸದ ವೆಚ್ಚ ಬಳಕೆಗೆ ತಕ್ಕಂತೆ ಹಂಚಿಕೆಯಾಗುತ್ತದೆ. ‘ಹೇಗೂ ಅವರೇ ಕೊಡುತ್ತಾರೆ’ ಎಂದು ಅನಗತ್ಯವಾಗಿ ಪತ್ರಗಳನ್ನು ಬರೆಸಿ ಗಂಟೆಗಳನ್ನು ಬೆಳೆಸುವುದು ಸರಿಯಲ್ಲ. ಅಸಮಂಜಸವಾಗಿ ಬೆಳೆಸಿದ ಖರ್ಚು ನಮ್ಮ ತಲೆಗೇ ಬರಬಹುದು. ಬಾರದಿದ್ದರೂ ನೆರೆಯವರ ಮನಸ್ಸಿನಲ್ಲಿ ಉಳಿಯುತ್ತದೆ. ಕಟ್ಟಡ ಪರವಾನಗಿಯ ಅರ್ಜಿಗಳನ್ನು ನೋಡಿಕೊಂಡು ‘ನಿಮಗೆ ಖರ್ಚಿಲ್ಲ, ನಮ್ಮನ್ನು ನೇಮಿಸಿ’ ಎಂದು ಕರೆಯದೆಯೇ ಪತ್ರ ಹಾಕುವವರು ಅಲ್ಲಿ ಇದ್ದಾರೆ. ಅಂಥ ಪತ್ರಕ್ಕೆ ಮರುಳಾಗಿ ಸಹಿ ಮಾಡುವುದು ಬೇಡ.

ನಮ್ಮ ಹುಡುಗ ಆರಿಸಿದ್ದು

ಮೂರು ಚೌಕಗಳಲ್ಲಿ ಯಾವುದನ್ನೂ ನಮ್ಮ ಅಳಿಯ ಇದ್ದಂತೆಯೇ ಗುರುತಿಸಲಿಲ್ಲ. ಗಂಡಹೆಂಡಿರಿಬ್ಬರೂ ಎಡಮನೆಗೆ ಹೋಗಿ ಚಹ ಕುಡಿಯುತ್ತ ವಿಷಯ ಹೇಳಿದರು. ಬಳಿಕ ಪತ್ರವನ್ನೂ ಬರೆದರು. ‘ನಿಮ್ಮ ಕೆಲಸಕ್ಕೆ ನಮ್ಮ ಅಡ್ಡಿಯಿಲ್ಲ. ಒಬ್ಬರೇ ಸರ್ವೇಯರ್ ಸಾಕು. ಆದರೆ ನಿಮ್ಮ ಕಟ್ಟಡದಲ್ಲಿ ಬೇರೆ ಪಾತ್ರವಿಲ್ಲದವರು ಆಗಲಿ’ ಎಂದು ಬರೆದು, ವೃತ್ತಿಸಂಘದ ಪಟ್ಟಿಯಿಂದ ಮೂರು ಹೆಸರುಗಳನ್ನು ಸೂಚಿಸಿದರು. ಒಪ್ಪದಿದ್ದರೆ ತಮ್ಮ ಸರ್ವೇಯರನ್ನು ತಾವೇ ನೇಮಿಸುವ ಯೋಚನೆ ಅವರಲ್ಲಿತ್ತು. ಹದಿನಾಲ್ಕು ದಿನಗಳಲ್ಲಿ ಇನ್ನೂ ಆರು ದಿನ ಉಳಿದಿದ್ದವು. ಎಡಮನೆಯವರಿಗೆ ಮೊದಲು ತುಸು ಬೇಸರವಾದಂತೆ ಕಂಡಿತಂತೆ. ಎರಡು ದಿನ ಬಿಟ್ಟು ಅವರೇ ಬಂದು ಮೂರರಲ್ಲಿ ಒಂದು ಹೆಸರನ್ನು ಒಪ್ಪಿದರು.

ಆ ಸರ್ವೇಯರ್ ಮನೆಯೊಳಗೆ ಬಂದು ಪ್ರತಿಯೊಂದು ಕೋಣೆಯನ್ನೂ ನೋಡಿದರು. ಮಲಗುವ ಕೋಣೆಯ ಛಾವಣಿಯಲ್ಲಿ ಆಗಲೇ ಇದ್ದ ಕೂದಲೆಳೆಯ ಬಿರುಕನ್ನು ಅಳತೆಯೊಡನೆ ಬರೆದುಕೊಂಡರು. ತೊಲೆ ಕೂರಿಸಿದ ವಾರದಲ್ಲಿ ಮೆಟ್ಟಿಲ ಬದಿಯ ಗೋಡೆಯಲ್ಲಿ ಹೊಸ ಬಿರುಕೊಂದು ಕಾಣಿಸಿತು. ದಾಖಲೆ ತೆಗೆದು ನೋಡಿದರು. ಮೆಟ್ಟಿಲ ಗೋಡೆಯ ಚಿತ್ರದಲ್ಲಿ ಬಿರುಕಿರಲಿಲ್ಲ. ಮಾತು ಅಲ್ಲಿಗೆ ಮುಗಿಯಿತು. ಎಡಮನೆಯವರು ತಮ್ಮ ಖರ್ಚಿನಲ್ಲಿ ಗಾರೆ ಹಚ್ಚಿಸಿ ಬಣ್ಣ ಬಳಿಸಿಕೊಟ್ಟರು. ಛಾವಣಿಯ ಹಳೆಯ ಬಿರುಕನ್ನು ಅವರ ತಲೆಗೆ ಕಟ್ಟುವ ಆಸೆ ನಮ್ಮವರಿಗೂ ಬರಲಿಲ್ಲ, ಬಂದಿದ್ದರೂ ದಾಖಲೆ ಬಿಡುತ್ತಿರಲಿಲ್ಲ. ಈ ದೀಪಾವಳಿಗೆ ಅಕ್ಕ ಇಲ್ಲಿಂದ ಕಳಿಸಿದ ಚಕ್ಕುಲಿ, ಕರ್ಜಿಕಾಯಿಗಳಲ್ಲಿ ಒಂದು ಪಾಲು ಎಡಮನೆಗೆ ಹೋಯಿತು.

ನೆರೆಯವರನ್ನು ನೋಯಿಸಬಾರದೆಂಬ ಸಂಕೋಚದಿಂದ ಕಣ್ಣುಮುಚ್ಚಿ ಸಹಿ ಮಾಡುವುದು ಸೌಜನ್ಯವೆಂದು ನಾವು ತಿಳಿದಿದ್ದೇವೆ. ಆದರೆ ಹಾಗೆ ಮಾಡಿದ ಸಹಿ ನಾಳೆ ಬಿರುಕು ಕಂಡಾಗ ಅನುಮಾನಕ್ಕೆ ದಾರಿಯಾಗುತ್ತದೆ. ಅನುಮಾನ ಬಂದ ಮೇಲೆ ಗೋಡೆಯ ಆಚೆಗೆ ಫರಾಳದ ತಟ್ಟೆ ಹೋಗುವುದಿಲ್ಲ. ಇಬ್ಬರಿಗೂ ಹೊರಗಿನವರಾದ, ಕೆಲಸ ಬಲ್ಲ ಸರ್ವೇಯರ್ ಸಿಕ್ಕರೆ ಒಬ್ಬರು ಸಾಕು, ಸಿಗದಿದ್ದರೆ ಇಬ್ಬರಿರಲಿ. ಹದಿನಾಲ್ಕು ದಿನಗಳೊಳಗೆ ಆ ಮಾತನ್ನು ನೆರೆಯವರ ಮುಂದೆಯೇ ಹೇಳಿ, ಬರೆದೂ ಕೊಡಬೇಕು. ವಿದೇಶದಲ್ಲಿರುವ ಮಕ್ಕಳು ಮುಂದಿನ ಸಲ ಫೋನ್ ಮಾಡಿದಾಗ, ಊಟವಾಯಿತೇ ಎಂದು ಕೇಳಿದ ಮೇಲೆ, ಅಂಚೆಯಲ್ಲಿ ಯಾವುದಾದರೂ ನೋಟೀಸು ಬಂದು ಬಿದ್ದಿದೆಯೇ ಎಂದೂ ವಾಚಕರು ಒಮ್ಮೆ ಕೇಳಲಿ ಎಂಬುದು ನಮ್ಮ ವಿನಂತಿ.